ವಾಸಿ ಅನ್ನಬೇಕಾದವರು ಯಾರು

ಮೈಸೂರು
೪ ಫೆಬ್ರವರಿ ೧೯೩೧

ಚಿ. ಸೌ. ದಾಕ್ಷಾಯಣಿಗೆ ಅಣ್ಣ ಮರುಳಸಿದ್ದಯ್ಯನ ಆಶೀರ್ವಾದ.

ಸಂಕ್ರಾಂತಿಗೆ ನಿನ್ನ ಎಳ್ಳು ಬರಲಿಲ್ಲ, ಕಾಗದವೂ ಬರಲಿಲ್ಲ. ಮೊನ್ನೆ ಬಂದ ಕಾರ್ಡಿನಲ್ಲಿ ನಾಲ್ಕೇ ಸಾಲು. ಆ ನಾಲ್ಕೂ ಬಲಗಡೆ ಹೋಗುತ್ತ ಹೋಗುತ್ತ ಕೆಳಕ್ಕೆ ಇಳಿದುಬಿಟ್ಟಿವೆ. ಮಧುಗಿರಿಯ ಜಗುಲಿಯ ಮೇಲೆ ಕೂರಿಸಿಕೊಂಡು ಮರಳಿನಲ್ಲಿ ನಿನಗೆ ಅಕ್ಷರ ತಿದ್ದಿಸಿದವನು ನಾನು. ಮದುವೆಯಾಗಿ ಎಂಟು ವರ್ಷಕ್ಕೇ ಇಷ್ಟು ಸೋಮಾರಿತನವೆ? ಪಾವಗಡದ ಸೀಮೆಯಲ್ಲಿ ಕಡಲೆಕಾಯಿಯ ಜೊತೆ ಕೈಯನ್ನೂ ಬಿಸಿಲಿಗೆ ಹಾಕಿ ಒಣಗಿಸಿದ್ದೀಯಾ ಹೇಗೆ?

ಇರಲಿ. ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಾನು ಸ್ಕೂಲಿನ ಪಾಠ ಮುಗಿಸಿ ಸಾಯಂಕಾಲ ನಮ್ಮ ಗುರುಗಳ ಮನೆಗೆ ಹೋಗುವುದು ನಿನಗೆ ಗೊತ್ತು. ಅವರು ಬರೆಯುತ್ತಿರುವ ಪದಕೋಶ ಈಗ ವಕಾರಕ್ಕೆ ಬಂದಿದೆ. ಕಳೆದ ವಾರ ನನಗೆ ಶೀತಜ್ವರ ಬಂದು ಬಿಟ್ಟಿತು. ಸ್ಕೂಲಿಗೆ ಹೋದರೆ ಎಲ್ಲರೂ "ವಾಸಿಯಾಯ್ತೆ?" ಎಂದು ಕೇಳುವವರೇ. ದಿನವೂ ಆಡುವ ಈ ಮಾತು ಎಲ್ಲಿಂದ ಬಂತು ಎಂದು ಗುರುಗಳನ್ನು ಕೇಳಿದೆ. "ಮೊದಲು ಜನ ಹೇಗೆ ಆಡುತ್ತಾರೆ ತಿಳಿದುಕೊಂಡು ಬಾ, ಆಮೇಲೆ ಬೇರು ಅಗೆಯೋಣ" ಅಂದರು. ನಿಮ್ಮ ನಿಡುಗಲ್ಲಿನ ಕಡೆ ಕಾಯಿಲೆಯಿಂದ ಎದ್ದವರಿಗೆ ಏನೇನು ಮಾತು ಆಡುತ್ತಾರೆ, ಯಾರು ಆಡುತ್ತಾರೆ, ಎಲ್ಲ ವಿವರವಾಗಿ ಬರೆ. ಭಾವನವರಿಗೂ ನಿನ್ನ ಅತ್ತೆಯವರಿಗೂ ನಮಸ್ಕಾರ. ಮಗು ಜಗದಾಂಬೆಗೆ ಮುದ್ದು.

ಮರುಳಸಿದ್ದಯ್ಯ


ನಿಡುಗಲ್ಲು
೧೬ ಫೆಬ್ರವರಿ ೧೯೩೧

ಅಣ್ಣಯ್ಯನಿಗೆ ನಮಸ್ಕಾರ.

ಕಾಗದದ ತಲೆಯಲ್ಲಿ ಉಭಯ ಕುಶಲ ಎಂದು ಬರೆಯಬೇಕೆಂದು ಕಲಿಸಿದವನು ನೀನೇ. ಈ ಸಲ ಒಂದು ಕಡೆಯದನ್ನು ಮಾತ್ರ ಬರೆಯುತ್ತೇನೆ. ನಿನ್ನ ಜ್ವರ ಬಿಟ್ಟಿತಲ್ಲ, ಸಂತೋಷ.

ಮಾತು ಕೇಳಿದ್ದೀಯ, ಕೊಡುತ್ತೇನೆ. ಮಾತಿಗೇನು ಬರ ಇಲ್ಲಿ! ಕಡಲೆಕಾಯಿ ಅಳೆಯಲು ಬರುವ ತೆಲುಗರು "ನಯಮಾಯೆ" ಅನ್ನುತ್ತಾರೆ. ಸಿರಾದಿಂದ ಬರುವ ಬಳೆ ಸಾಹೇಬರು "ಹುಷಾರಾ ತಾಯಿ?" ಅನ್ನುತ್ತಾರೆ. ಪೇಟೆ ಕಂಡು ಬಂದವರು "ಗುಣವಾಯ್ತು" ಅನ್ನುತ್ತಾರೆ. ಪುಸ್ತಕಗಳಲ್ಲಿ ಬರೆಯುವ "ಚೇತರಿಕೆ"ಯನ್ನು ಇಲ್ಲಿ ಯಾರೂ ಆಡಿದ್ದು ಕೇಳಿಲ್ಲ. ನಮ್ಮವರದು ವಾಸಿಯೇ. ತಲೆನೋವು, ಕೆಮ್ಮು, ಚೇಳು ಕಡಿದದ್ದು, ಇವಕ್ಕೆ ಯಾರು ಬೇಕಾದರೂ ವಾಸಿಯಾಯ್ತು ಅನ್ನಬಹುದು. ಆದರೆ ಮೈಮೇಲೆ ಅಮ್ಮ ಎದ್ದಿದ್ದರೆ ಮಾತ್ರ ಆ ಮಾತಿಗೆ ಬೀಗ.

ಹೇಗೆಂದರೆ, ಸಿಡುಬು ಎಂದು ಬಾಯಲ್ಲಿ ಅನ್ನಬಾರದು, ಅಮ್ಮ ಬಂದಿದ್ದಾಳೆ ಅನ್ನಬೇಕು. ಅಮ್ಮ ಎದ್ದ ಹೆಂಗಸನ್ನು ಊರಾಚೆ ಹೊಲದ ಗುಡಿಸಲಲ್ಲಿ ಬಿಡುತ್ತಾರೆ. ಹಕ್ಕಳೆ ಉದುರಿದ ಮೇಲೆ ಮನೆಯ ಹಿರಿಹೆಂಗಸು ಅವಳನ್ನು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಕೂರಿಸಿ, ಬೇವು ಅರಿಶಿನದ ನೀರನ್ನು ತಲೆಗೆ ಹಾಕಿ, ಮೂರು ಸಲ "ವಾಸಿಯಾಯ್ತು" ಅನ್ನಬೇಕು. ಆಮೇಲೆ ಊರು ಅನ್ನುತ್ತದೆ. ಆಮೇಲೆ ತವರಿನಿಂದ ಮೊಸರನ್ನದ ಬುತ್ತಿ ಬರುತ್ತದೆ. ಹೊಸ್ತಿಲಿಗೆ ಬಂದ ಬುತ್ತಿ ಹಿಂದಕ್ಕೆ ಹೋದರೆ ಅಮ್ಮ ಅದರ ಜೊತೆ ತವರಿಗೆ ಹೋಗುತ್ತಾಳಂತೆ. ಉಣ್ಣದೆ ಹೊತ್ತು ಮುಳುಗಿದರೆ ಮನೆಯೊಳಕ್ಕೇ ಬರುತ್ತಾಳಂತೆ. ನೀರು ಬೀಳದ ತಲೆಯವಳು ಆ ಬುತ್ತಿ ಉಣ್ಣುವ ಹಾಗೂ ಇಲ್ಲ.

ಹಿರಿಯಳು ನೀರು ಹಾಕದಿದ್ದರೆ? ಅದನ್ನು ನಿನ್ನ ಗುರುಗಳು ಎಲ್ಲಿ ಬರೆಯುತ್ತಾರೋ ನೋಡುತ್ತೇನೆ. ಈ ಊರಿನಲ್ಲಿ ಒಬ್ಬಳಿದ್ದಾಳೆ. ಹಕ್ಕಳೆ ಉದುರಿ ತಿಂಗಳ ಮೇಲಾಯಿತು. ಗಟ್ಟಿಯಾಗಿ ಓಡಾಡುತ್ತಾಳೆ, ಗುಡಿಸಲ ಸುತ್ತಿನ ಹೊಲದ ಕಳೆಯನ್ನೆಲ್ಲ ಒಬ್ಬಳೇ ಕಿತ್ತಿದ್ದಾಳೆ. ಸೂಜಿ ಚುಚ್ಚಿ ದಾಕು ಹಾಕುವ ಸರ್ಕಾರದವರು ಬಂದು ನೋಡಿ, ಇವಳಲ್ಲಿ ಇನ್ನೇನೂ ಇಲ್ಲ, ಮನೆಗೆ ಸೇರಿಸಿ ಎಂದು ಹೇಳಿ ಹೋದರು. ಅತ್ತೆ ಏನಂದರು ಗೊತ್ತೆ? "ದಾಕಿನೋನ್ ಮಾತು ಅಮ್ಮಂಗೆ ಗೊತ್ತಾಯ್ತದಾ?" ಅಂದರು. ಯಾರಾದರೂ "ನಿಮ್ ಸೊಸೆ ಹೆಂಗವ್ಳೆ?" ಎಂದು ಕೇಳಿದರೆ "ಅಂಗೇ ಅವ್ಳೆ" ಅನ್ನುತ್ತಾರೆ. ಅಂಗೇ ಅವಳೆ ಅಂದರೆ ಕಾಯಿಲೆಯವಳೂ ಅಲ್ಲ, ವಾಸಿಯಾದವಳೂ ಅಲ್ಲ. ಇದಕ್ಕೂ ಒಂದು ಮಾತು ಹುಡುಕಿ ಬರೆದುಕೋ.

ಜಗದಾಂಬೆ ಚೆನ್ನಾಗಿದ್ದಾಳೆ ಎಂದು ಕೇಳಿದ್ದೇನೆ.

ದಾಕ್ಷಾಯಣಿ


ಮೈಸೂರು
೨೮ ಫೆಬ್ರವರಿ ೧೯೩೧

ಚಿ. ಸೌ. ದಾಕ್ಷಾಯಣಿಗೆ ಆಶೀರ್ವಾದ.

ಭಲೆ ತಂಗಮ್ಮ! ನಿನ್ನ ಕಾಗದವನ್ನು ಗುರುಗಳ ಮುಂದೆ ಗಟ್ಟಿಯಾಗಿ ಓದಿದೆ. "ನಿನ್ನ ತಂಗಿ ಗಂಡಾಗಿ ಹುಟ್ಟಿದ್ದರೆ ನಿನ್ನನ್ನು ಬಿಟ್ಟು ಅವಳನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ" ಅಂದರು. ಹೆಮ್ಮೆಯಾಯಿತು, ಸ್ವಲ್ಪ ಉರಿಯೂ ಆಯಿತು.

ಬೇರಿನ ವಿಷಯ ಕೇಳು. ವಾಸಿ ಎಂದರೆ ಮೊದಲು ಮೇಲು, ಹೆಚ್ಚು ಎಂದು. "ಅದಕ್ಕಿಂತ ಇದು ವಾಸಿ" ಅನ್ನುತ್ತೇವಲ್ಲ, ಹಾಗೆ. ನಿನ್ನೆಗಿಂತ ಇವತ್ತು ಮೇಲು ಎನ್ನುವುದರಿಂದ ಕಾಯಿಲೆ ವಾಸಿಯಾಗುವುದು ಬಂದಿರಬೇಕು. ಆದರೆ ಹಳೆಯ ಕಾವ್ಯಗಳಲ್ಲಿ ನೋಡಿದರೆ ಇದೇ ಮಾತಿಗೆ ಪಂತ, ಛಲ, ಮಾನ ಎಂದು ಅರ್ಥ. ಅಲ್ಲಿನ ವೀರರು ವಾಸಿ ಹಿಡಿಯುತ್ತಾರೆ, ತಲೆ ಹೋದರೂ ವಾಸಿ ಬಿಡುವುದಿಲ್ಲ. ಗುರುಗಳು ಇವೆರಡೂ ಬೇರೆ ಬೇರೆ ಮಾತು, ಬೇರೆಯಾಗಿಯೇ ಹಾಕಬೇಕು ಅನ್ನುತ್ತಾರೆ. ನನಗೋ ಎರಡಕ್ಕೂ ಬೇರು ಒಂದೇ ಎಂದು ಗುಮಾನಿ. ಅವರ ಎದುರು ಹೇಳಲು ಇನ್ನೂ ಬಾಯಿ ಬಂದಿಲ್ಲ.

ಆ ಹೆಂಗಸಿನ ಸಂಗತಿ ಬಹಳ ಸ್ವಾರಸ್ಯವಾಗಿದೆ. ಅವಳು ಯಾರು? ಅತ್ತೆ ಯಾಕೆ ಬಾಯಿ ಬಿಡುತ್ತಿಲ್ಲ? ಅವರವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು ಕಳಿಸು. ಹಿರಿಯಳನ್ನು ಕಾಯದೆ ತಾನೇ ನೀರು ಹಾಕಿಕೊಂಡವರು ಯಾರಾದರೂ ಉಂಟೆ? ಉಂಟಾದರೆ ಊರು ಅದನ್ನು ಏನೆಂದು ಕರೆಯುತ್ತದೆ? ಕಾಗದ ದೊಡ್ಡದಿರಲಿ. ಮತ್ತೆ ಸಾಲು ಇಳಿದಿದೆ, ನೋಡಿಕೋ.

ಮರುಳಸಿದ್ದಯ್ಯ


ನಿಡುಗಲ್ಲು
೯ ಮಾರ್ಚ್ ೧೯೩೧

ಅಣ್ಣಯ್ಯ,

ಸ್ವಾರಸ್ಯವಾಗಿದೆಯೆ? ಹಾಗಾದರೆ ಇನ್ನಷ್ಟು ತಗೋ.

ಆ ಹೆಂಗಸು ಯಾರು ಎಂದು ಕೇಳಿದ್ದೀಯ. ಹೆಸರು ದಾಕ್ಷಾಯಣಮ್ಮ. ತವರು ಮಧುಗಿರಿ. ಗಂಡ ಪರ್ವತಯ್ಯನವರು, ಕಡಲೆಕಾಯಿ ವ್ಯಾಪಾರ. ಅತ್ತೆ ಶಿವರುದ್ರಮ್ಮನವರು. ಆರು ವರ್ಷದ ಒಬ್ಬ ಮಗಳಿದ್ದಾಳೆ, ಅವಳನ್ನು ಗುಡಿಸಲ ಕಡೆಗೆ ಬಿಡುವುದಿಲ್ಲ. ಒಬ್ಬ ಅಣ್ಣನಿದ್ದಾನೆ, ಮೈಸೂರಿನಲ್ಲಿ ಕೂತು ಮಾತು ಆರಿಸುತ್ತಾನೆ. ಬರೆದುಕೊಂಡೆಯಾ?

ಸಾಲು ಇಳಿಯುವುದು ಸೋಮಾರಿತನದಿಂದಲ್ಲ. ಅಮ್ಮ ಹೋಗುವಾಗ ಬಲಗಣ್ಣನ್ನು ತೆಗೆದುಕೊಂಡು ಹೋದಳು. ಕಾಗದದ ಆ ಕಡೆಯ ಅಂಚು ನನಗೆ ಕಾಣುವುದಿಲ್ಲ.

ಅತ್ತೆ ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಕೇಳಿದ್ದೀಯ. ಅವರ ಅಣ್ಣನ ಮಗಳು ರಾಯಚರ್ಲಿನಲ್ಲಿದ್ದಾಳೆ, ಹದಿನೈದು ತುಂಬಿದೆ, ಎರಡು ಕಣ್ಣೂ ನೆಟ್ಟಗಿವೆ. ನೀರು ಬಿದ್ದರೆ ನಾನು ಒಳಗೆ ಬರಬೇಕು, ಒಲೆ ನನ್ನದಾಗಬೇಕು. ನೀರು ಬೀಳದಿದ್ದರೆ, ಪಾಪ, ಮನೆಗೆ ಒಂದು ಹೆಣ್ಣು ಬೇಡವೆ? ದಿನವೂ ನನಗೆ ಅನ್ನ ತಂದುಕೊಡುವವಳು ಹನುಮಕ್ಕ ಎಂಬ ಮುದುಕಿ. ನಮ್ಮ ಹೊಲ ಕಾಯುವವಳು, ಚಿಕ್ಕವಳಿದ್ದಾಗಲೇ ಅಮ್ಮನನ್ನು ಕಂಡವಳು, ಹಾಗಾಗಿ ಹೆದರಿಕೆ ಇಲ್ಲ. ಬೀದಿ ಜಗುಲಿಯಲ್ಲಿ ಅತ್ತೆ ಆಡಿದ್ದನ್ನು ಅವಳೇ ಬಂದು ನನ್ನ ಮುಂದೆ ಆಡಿ ತೋರಿಸಿದಳು. "ಒಕ್ಕಣ್ಣಿ ಕೈನಾಗೆ ಉಣ್ಣಾಕಿಂತ ಉಪಾಸ ವಾಸಿ ಕಣವ್ವಾ" ಅಂದರಂತೆ. ನಿನ್ನ ವಾಸಿಗೆ ಇದೊಂದು ಉದಾಹರಣೆ, ಹಾಕಿಕೋ.

ನಿಮ್ಮ ಭಾವನವರು ಎರಡು ಸಲ ಬಂದರು. ಬದುವಿನ ಆಚೆ ನಿಂತು, "ಅವ್ವನ ಮನಸ್ಸು ಕರಗಲಿ, ತಡಿ" ಅಂದರು. ಕರಗುವುದಕ್ಕೆ ಅದೇನು ಬೆಣ್ಣೆಯೆ?

ಮೊದಲೇ ಯಾಕೆ ಬರೆಯಲಿಲ್ಲ ಎಂದು ಬೈಯುತ್ತೀಯ. ವಾಸಿಯಾದ ಮೇಲೆ ಬರೆಯೋಣ ಅಂತಿದ್ದೆ, ಇವತ್ತು ನಾಳೆ ಎಂದು ಕಾಯುತ್ತಲೇ ಇದ್ದೆ. ಇನ್ನೊಂದೂ ಇದೆ. ನೀವು ಓಡಿಬಂದು, ಅತ್ತು ಕರೆದು, ನನ್ನನ್ನು ಮಧುಗಿರಿಗೆ ಎತ್ತಿಕೊಂಡು ಹೋಗುತ್ತೀರಿ. ಅತ್ತೆಗೆ ಬೇಕಾದದ್ದೂ ಅದೇ. ವಾಸಿಯಾಗದೆ ಹೊರಟುಹೋದಳು ಅನ್ನುತ್ತಾರೆ, ಮಗಳನ್ನು ಇಟ್ಟುಕೊಳ್ಳುತ್ತಾರೆ, ರಾಯಚರ್ಲಿಗೆ ವೀಳ್ಯ ಕಳಿಸುತ್ತಾರೆ. ನಾನು ಇಲ್ಲಿಂದ ಕದಲುವುದಿಲ್ಲ ಅಣ್ಣಯ್ಯ. ಆ ಹೊಸ್ತಿಲು ದಾಟಿ ಒಳಗೆ ಹೋಗಬೇಕು, ನನ್ನ ಮಗಳ ತಲೆ ಬಾಚಬೇಕು. ನನಗೆ ಬೇಕಾದದ್ದು ಇಷ್ಟೇ.

ಅವ್ವನಿಗೆ ಕಣ್ಣಿನ ವಿಷಯ ಹೇಳಬೇಡ.

ದಾಕ್ಷಾಯಣಿ


ಮೈಸೂರು
೧೦ ಮಾರ್ಚ್ ೧೯೩೧

ಚಿ. ಸೌ. ದಾಕ್ಷಾಯಣಿಗೆ ಅನೇಕ ಆಶೀರ್ವಾದ.

ಕಳ್ಳಿ! ಬೇರೆಯವಳ ಕಥೆ ಎಂದು ಹೇಳಿ ನನಗೇ ಟೋಪಿ ಹಾಕಿದೆಯಲ್ಲ! ಇವತ್ತು ಬೆಳಿಗ್ಗೆ ಭಾವನವರ ಕಾಗದ ಬಂತು. "ಮನೆಗೆ ಅಮ್ಮ ಬಂದಿದ್ದಳು, ಹಗುರವಾಗಿ ಬಂದು ಹೋದಳು, ನಿಮ್ಮ ತಂಗಿಗೆ ವಾಸಿಯಾಯಿತು, ನೀವು ಯಾರೂ ಶ್ರಮ ತೆಗೆದುಕೊಂಡು ಬರುವುದು ಬೇಡ" ಎಂದು ಬರೆದಿದ್ದಾರೆ. ಓದಿ ಒಂದು ಗಳಿಗೆ ಎದೆ ಹಾರಿತು, ಮರುಗಳಿಗೆ ತಣ್ಣಗಾಯಿತು. ಅಂತೂ ಅತ್ತೆಯ ಬಾಯಿಂದ ಮಾತು ಹೊರಡಿಸಿದೆಯಲ್ಲ, ಗಟ್ಟಿಗಿತ್ತಿ ಕಣೇ ನೀನು.

ಅವರು ಬೇಡವೆಂದರೆ ನಾವು ಕೇಳುತ್ತೇವೆಯೆ? ಈಗಲೇ ಅವ್ವನಿಗೆ ಬರೆದು ಹಾಕಿದ್ದೇನೆ. ಅಡವಯ್ಯ ಮಾವ ಸೋಮವಾರ ಬುತ್ತಿ ತೆಗೆದುಕೊಂಡು ಬರುತ್ತಾನೆ. ಪಾವಗಡದವರೆಗೆ ಮೋಟಾರು, ಅಲ್ಲಿಂದ ಬಾಡಿಗೆ ಗಾಡಿ. ಅವ್ವ ಹಸಿರು ಸೀರೆಯನ್ನೂ ಇಡದೆ ಇರುವವಳಲ್ಲ. ಉಂಡು ಹೇಗಿತ್ತು ಬರೆ. ಮಾವನ ಬಾಯಿ ನಿನಗೆ ಗೊತ್ತು, ಊರಬಾಗಿಲಿನಿಂದಲೇ ಸಾರಿಕೊಂಡು ಬರುತ್ತಾನೆ.

ಸಂತೋಷದಲ್ಲಿ
ಮರುಳಸಿದ್ದಯ್ಯ


ಮೈಸೂರು
೧೪ ಮಾರ್ಚ್ ೧೯೩೧

ದಾಕ್ಷಾಯಣಿ,

ನಿನ್ನ ಒಂಬತ್ತನೆಯ ತಾರೀಖಿನ ಕಾಗದ ನಿನ್ನೆ ಸಾಯಂಕಾಲ ಕೈಗೆ ಬಂತು. ಸಾಲು ಇಳಿದಿದೆ, ಸಾಲು ಇಳಿದಿದೆ ಎಂದು ಬರೆದೆನಲ್ಲ, ನನ್ನ ಕೈ ಕಡಿಯ.

ಆ ಮನುಷ್ಯ ಎಂಥ ಸುಳ್ಳ! ತವರಿನವರು ಬರದಿರಲಿ ಎಂದು ವಾಸಿಯಾಯಿತು ಎಂದು ಬರೆದಿದ್ದಾನೆ, ನಾನು ಎಮ್ಮೆಯ ಹಾಗೆ ತಲೆಯಾಡಿಸಿ ಬುತ್ತಿ ಕಳಿಸಿದ್ದೇನೆ. ಇನ್ನು ತಡೆಯಲು ಹೊತ್ತಿಲ್ಲ, ಈ ಕಾಗದ ಮುಟ್ಟುವ ಮುಂಚೆ ಮಾವ ಮುಟ್ಟಿರುತ್ತಾನೆ. ನೀರು ಬೀಳದ ತಲೆಯವಳಿಗೆ ಬುತ್ತಿ ತಂದರೆ ನಿನ್ನ ಅತ್ತೆ ಊರ ಮುಂದೆ ನಿನ್ನನ್ನು ಇನ್ನೇನೇನು ಅನ್ನುತ್ತಾರೋ.

ನನ್ನ ಮಾತು ಕೇಳು. ಮಾವ ಇನ್ನೂ ಅಲ್ಲಿದ್ದರೆ ಅದೇ ಗಾಡಿ ಹತ್ತಿ ಮಧುಗಿರಿಗೆ ಬಂದುಬಿಡು. ರಜೆ ಕೊಟ್ಟರೂ ಸರಿ ಬಿಟ್ಟರೂ ಸರಿ, ನಾನು ಶನಿವಾರಕ್ಕೆ ಮನೆಗೆ ಬರುತ್ತೇನೆ. ಮಗುವನ್ನು ತರುವುದಕ್ಕೆ ವಕೀಲರನ್ನು ಹಿಡಿಯೋಣ. ಹಟ ಬೇಡ. ನಿನ್ನ ಒಲೆ ನಿನಗೆ ಮಧುಗಿರಿಯಲ್ಲೂ ಇದೆ.

ಅಣ್ಣ


ನಿಡುಗಲ್ಲು
೧೮ ಮಾರ್ಚ್ ೧೯೩೧

ಅಣ್ಣಯ್ಯನಿಗೆ, ಮಧುಗಿರಿ ಮನೆಯ ವಿಳಾಸಕ್ಕೆ.

ನಿನ್ನ ಹತ್ತನೆಯ ತಾರೀಖಿನ ಕಾಗದವೂ ಬುತ್ತಿಯೂ ಒಂದೇ ದಿನ ಬಂದವು. ಹದಿನಾಲ್ಕರದು ಈಗ ತಾನೆ ಬಂತು. ಗಾಡಿ ಹತ್ತು ಎಂದು ಬರೆದಿದ್ದೀಯ. ಗಾಡಿ ಮೊನ್ನೆಯೇ ಹೋಯಿತು, ನಾನು ಹತ್ತಲಿಲ್ಲ. ಅಳಬೇಡ, ಪೂರ್ತಿ ಓದು.

ಸೋಮವಾರ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹನುಮಕ್ಕ ಏದುಸಿರು ಬಿಡುತ್ತ ಗುಡಿಸಲಿಗೆ ಓಡಿಬಂದಳು. "ಅಮ್ಮಣ್ಣೀ, ಬುತ್ತಿ ಬಂದ್ಬುಡ್ತು! ನಿಮ್ ಮಾವ ಬೀದೀಲಿ ನಿಂತ್ಕಂಡು ನಮ್ ಹುಡುಗೀಗೆ ವಾಸಿಯಾಯ್ತು ಅಂತ ಕೂಗ್ತಾವ್ರೆ. ನಿಮ್ಮತ್ತೆ ಬಾಕ್ಲಿಗೆ ಅಡ್ಡ ನಿಂತವ್ರೆ" ಅಂದಳು. ನನಗೆ ಮೊದಲು ನಗು ಬಂತು. ಆಮೇಲೆ ಮೈಯೆಲ್ಲ ಉರಿ ಹತ್ತಿತು. ಇನ್ನು ಕಾದರೆ ಹೊತ್ತು ಮುಳುಗುತ್ತದೆ, ಬುತ್ತಿ ಕೆಡುತ್ತದೆ, ನಾನು "ಅಂಗೇ ಅವಳೆ" ಆಗಿಯೇ ಸಾಯುತ್ತೇನೆ ಅನ್ನಿಸಿತು. ಎದ್ದೆ. ವಿಭೂತಿ ಇಟ್ಟುಕೊಂಡೆ. ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಮೂರು ತಿಂಗಳ ಮೇಲೆ ಊರ ಬೀದಿಯಲ್ಲಿ ಕಾಲಿಟ್ಟೆ. ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಂಡರು. ಒಬ್ಬಳು "ಅಯ್ಯೋ ಶಿವನೇ, ಮೊಕ ನೋಡಿ" ಅಂದಳು. ನೋಡಲಿ ಎಂದು ಅವಳ ಕಡೆಗೇ ತಿರುಗಿ ನಿಂತು ತೋರಿಸಿದೆ.

ಮನೆಯ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಅಡವಯ್ಯ ಮಾವ ಬುತ್ತಿಯ ಬುಟ್ಟಿಯನ್ನು ಹೊಸ್ತಿಲ ಮೇಲೆ ಇಟ್ಟು ಪಕ್ಕದಲ್ಲೇ ಕಾಲು ಚಾಚಿ ಕೂತುಬಿಟ್ಟಿದ್ದ. ಅತ್ತೆ, "ಇವಳ ತಲೆಗೆ ನೀರೇ ಬಿದ್ದಿಲ್ಲ, ಯಾರ್ರೀ ಹೇಳಿದ್ದು ನಿಮ್ಗೆ ವಾಸಿಯಾಯ್ತು ಅಂತ?" ಎಂದು ಕೂಗುತ್ತಿದ್ದರು.

"ನಿಮ್ ಮಗ್ನೇ ಬರೆದವ್ರೆ ಬೀಗಿತ್ತಮ್ಮಾ" ಅಂದ ಮಾವ. ಬಾಗಿಲ ಹಿಂದೆ ಕಂಬ ತಬ್ಬಿಕೊಂಡು ನಿಂತಿದ್ದ ನಿಮ್ಮ ಭಾವನವರನ್ನು ಕರೆದ. "ಏನಪ್ಪಾ ಅಳಿಯಂದಿರೇ, ಬರೆದೋರು ನೀವೇ ಅಲ್ವಾ? ಸುಳ್ಳು ಬರೆದ್ರಾ, ನಿಜ ಬರೆದ್ರಾ? ಊರೆಲ್ಲಾ ಐತೆ, ಬಾಯ್ಬುಟ್ಟು ಹೇಳಿ."

ಅವರು ತಮ್ಮ ಅವ್ವನ ಮುಖ ನೋಡಿದರು, ಬುಟ್ಟಿ ನೋಡಿದರು, ನೆಲ ನೋಡಿದರು. "ಹೂಂ, ಬರೆದೆ" ಅಂದರು. ನಿಜವೋ ಸುಳ್ಳೋ ಅದನ್ನು ಹೇಳಲಿಲ್ಲ. ಸುಳ್ಳು ಎಂದರೆ ತಾನು ಸುಳ್ಳ, ನಿಜ ಎಂದರೆ ಅವ್ವ ಸುಳ್ಳಿ. ಈ ಇಕ್ಕಟ್ಟಿನಲ್ಲಿ ನನ್ನ ಗಂಡನನ್ನು ನೋಡಿ ಒಂದು ಚೂರೂ ಮರುಕ ಹುಟ್ಟಲಿಲ್ಲ ಎಂದು ನಿನ್ನ ಹತ್ತಿರ ಹೇಳಿಕೊಳ್ಳುತ್ತೇನೆ.

ನಾನು ಮುಂದೆ ಹೋಗಿ ಕಲ್ಲಿನ ಹತ್ತಿರ ನಿಂತೆ. "ಅತ್ತೆಮ್ಮ, ನೀರು ಹಾಕಿ" ಅಂದೆ. ಮೆತ್ತಗೆ, ಮರ್ಯಾದೆಯಿಂದಲೇ ಅಂದೆ. ಹಿರಿಯರಿಗೆ ಒಂದು ಅವಕಾಶ ಕೊಡಬೇಕಲ್ಲ.

"ನಾನ್ ಹಾಕಾಕಿಲ್ಲ. ನನ್ ಹಂಡೇನೂ ಮುಟ್ಟಬ್ಯಾಡ" ಅಂದರು.

"ಸರಿ" ಎಂದು ಬೀದಿಯ ಬಾವಿಗೆ ಹೋದೆ. ನೀರು ಸೇದುತ್ತಿದ್ದವರು ಹಗ್ಗ ಬಿಟ್ಟು ಹಿಂದೆ ಸರಿದರು. ಒಳ್ಳೆಯದೇ ಆಯಿತು, ಕಾಯುವ ಕೆಲಸ ಉಳಿಯಿತು. ಸೇದಿದೆ. ಕೊಡ ಮೇಲೆ ಬಂತು. ನಮ್ಮ ಅವ್ವ ಬುಟ್ಟಿಯಲ್ಲಿ ಬೇವಿನ ಸೊಪ್ಪು ಅರಿಶಿನ ಎರಡನ್ನೂ ಇಟ್ಟಿದ್ದಳು. ಕಿವುಚಿ ಹಾಕಿದೆ. ಕಲ್ಲಿನ ಮೇಲೆ ನಾನೇ ಕೂತೆ.

ಅತ್ತೆಗೆ ಆಗ ತಿಳಿಯಿತು. "ಏಯ್, ನಿನ್ ತಲೆ ಮ್ಯಾಲೆ ನೀನೇ ಹುಯ್ಕಂಡ್ರೆ ವಾಸಿ ಆಯ್ತದೇನೇ? ಎಲ್ಲಾರ ಉಂಟಾ?" ಅಂದರು.

"ಅಮ್ಮ ಬಂದಿದ್ದು ನನ್ನ ಮೈಮೇಲೆ, ಹೋಗಿದ್ದೂ ನನ್ನ ಮೈಯಿಂದ. ಕೀವು ಒರೆಸಿಕೊಂಡವಳು ನಾನು, ಕಣ್ಣು ಕೊಟ್ಟವಳು ನಾನು. ವಾಸಿ ಅನ್ನೋಕೆ ಮಾತ್ರ ನೀವು ಬೇಕಾ?" ಅಂದೆ. ತಲೆಯ ಮೇಲೆ ನೀರು ಸುರಿದುಕೊಂಡೆ. "ವಾಸಿಯಾಯ್ತು" ಅಂದೆ. ಇನ್ನೊಂದು ಸಲ ಸುರಿದುಕೊಂಡು ಇನ್ನಷ್ಟು ಗಟ್ಟಿಯಾಗಿ ಅಂದೆ. ಮೂರನೆಯ ಸಲ ನಾನು ಬಾಯಿ ತೆರೆಯುವ ಮುಂಚೆಯೇ ಹನುಮಕ್ಕ, ಎಲ್ಲರ ಹಿಂದೆ ನಿಂತಿದ್ದವಳು, "ವಾಸಿಯಾಯ್ತು ಕಣ್ರಪ್ಪೋ! ಸಾಕು, ಇನ್ನು ದಾರಿ ಬುಡಿ!" ಎಂದು ಕೂಗಿದಳು. ಬಾವಿಯ ಹತ್ತಿರ ಹಿಂದೆ ಸರಿದಿದ್ದವರಲ್ಲಿ ಯಾರೋ ಒಬ್ಬಳು ಮೆತ್ತಗೆ ಅಂದಳು. ಆಮೇಲೆ ಇನ್ನೊಬ್ಬಳು.

ಜಗದಾಂಬೆ ಎಲ್ಲಿದ್ದಳೋ, ಅಜ್ಜಿಯ ಸೆರಗಿನ ಅಡಿಯಿಂದ ನುಸುಳಿ ಬಂದು ಒದ್ದೆ ಸೀರೆಗೆ ತೆಕ್ಕೆಬಿದ್ದಳು. "ಅವ್ವಾ, ನಿನ್ ಕಣ್ಣು ಎಲ್ಲೋಯ್ತು?" ಅಂದಳು. "ಅಮ್ಮ ಕೇಳಿದ್ಲು, ಕೊಟ್ಬುಟ್ಟೆ" ಅಂದೆ. ಒಂದು ಗಳಿಗೆ ನೋಡಿ, "ಇನ್ನೊಂದು ಕೇಳಿದ್ರೆ ಕೊಡಬ್ಯಾಡ" ಅಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದೆ ಅಣ್ಣಯ್ಯ, ಆಗ ಅತ್ತುಬಿಟ್ಟೆ. ನೀರು ಸುರಿಯುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಹೊಸ್ತಿಲ ಮೇಲೆ ಕೂತು ಬುತ್ತಿ ಬಿಚ್ಚಿ ಮೊದಲ ತುತ್ತು ನಾನು ಉಂಡೆ, ಎರಡನೆಯದು ಮಗಳಿಗೆ ಇಟ್ಟೆ. ಒಂದು ಎಲೆಯಲ್ಲಿ ಬಡಿಸಿ ಅತ್ತೆಯ ಮುಂದೆ ಇಟ್ಟೆ. ಅವರು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಆ ಎಲೆಯನ್ನು ಅವರ ಮಗ ಎತ್ತಿಕೊಂಡು, ನಿಂತುಕೊಂಡೇ ಉಂಡರು. ಮಾವ ಬಾಚಿ ಬಾಚಿ ಹಾಕಿದ. "ಉಣ್ಣಿ ಅಳಿಯಂದಿರೇ, ವಾಸಿಯಾದೋರ ಮನೆ ಬುತ್ತಿ" ಎಂದು ಚುಚ್ಚಿದ. ಮೊಸರು ಸ್ವಲ್ಪ ಹುಳಿ ಬಂದಿತ್ತು, ಅವ್ವನಿಗೆ ಹೇಳಬೇಡ.

ಒಳಗೆ ಹೋಗಿ ಒಲೆ ಹೊತ್ತಿಸಿದೆ. ಯಾರೂ ತಡೆಯಲಿಲ್ಲ. ತಡೆಯುವ ಮಾತು ಅವರ ಹತ್ತಿರ ಒಂದೇ ಇತ್ತು, ಅದನ್ನು ನಾನು ಬೀದಿಯಲ್ಲಿ ಆಡಿ ಖರ್ಚು ಮಾಡಿಬಿಟ್ಟಿದ್ದೆ.

ವಕೀಲರನ್ನು ಕರೆತರಬೇಡ. ನೀನು ಒಬ್ಬನೇ ಬಂದರೆ ಮುದ್ದೆ ಸಾರು ಮಾಡಿ ಹಾಕುತ್ತೇನೆ.

ದಾಕ್ಷಾಯಣಿ


ಮಧುಗಿರಿ
೨೮ ಮಾರ್ಚ್ ೧೯೩೧

ದಾಕ್ಷಾಯಣಿ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಕಣ್ಣಿನ ಸಾಲು ಬಂದಾಗ ಹಾರಿಸಿ ಓದಿದೆ. ಆದರೆ ಅಡವಯ್ಯ ಮಾವ ಮೊದಲೇ ಊದಿಬಿಟ್ಟಿದ್ದ. ಅವ್ವ ಒಂದು ದಿನ ಅತ್ತಳು. ಎರಡನೆಯ ದಿನ ಎದ್ದು, "ನನ್ ಮಗಳು ಬೀದೀಲಿ ಕೂತು ತಾನೇ ನೀರು ಹಾಕ್ಕಂಡ್ಳಂತೆ" ಎಂದು ಮನೆ ಮನೆಗೆ ಹೋಗಿ ಹೇಳಿ ಬಂದಳು. ಮೊಸರು ಹುಳಿಯಾಗಿದ್ದೂ ಅವಳಿಗೆ ಗೊತ್ತಾಗಿದೆ, ಅದಕ್ಕೆ ಮಾವನಿಗೆ ಬೈಗುಳ ಬಿತ್ತು.

ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ಬೀದಿಯ ಜನ ಅವತ್ತು ಹೂಂ ಅಂದಿರಬಹುದು. ನಾಳೆ ನಿನ್ನ ಅತ್ತೆ, ಅದು ನೀರೇ ಅಲ್ಲ, ಲೆಕ್ಕಕ್ಕಿಲ್ಲ ಅಂದರೆ? ರಾಯಚರ್ಲಿನವರು ಸುಮ್ಮನಿರುತ್ತಾರೆಯೆ? ಒಂದು ಮಾತು ಬರೆದರೆ ಸಾಕು, ಬಂದು ಕರೆದುಕೊಂಡು ಹೋಗುತ್ತೇನೆ.

ಗುರುಗಳಿಗೂ ವಿಷಯ ತಿಳಿಸಿ ಬರೆದಿದ್ದೆ. ಅವರ ಉತ್ತರ ಬಂದಿದೆ. "ನಿನ್ನ ತಂಗಿಗೆ ನನ್ನ ಆಶೀರ್ವಾದ. ಆದರೂ ಆಧಾರವಿಲ್ಲದೆ ಎರಡು ಮಾತನ್ನು ಕೂಡಿಸಲಾಗದು. ಕಾಯಿಲೆಯ ವಾಸಿ ಒಂದು ಕಡೆ, ಛಲದ ವಾಸಿ ಇನ್ನೊಂದು ಕಡೆ" ಎಂದು ಬರೆದಿದ್ದಾರೆ. ಈ ಸಲ ನಾನು ಸುಮ್ಮನಿರುವುದಿಲ್ಲ, ಜಗಳ ಆಡಲಿದ್ದೇನೆ.

ಅಣ್ಣ


ನಿಡುಗಲ್ಲು
೩ ಏಪ್ರಿಲ್ ೧೯೩೧

ಅಣ್ಣಯ್ಯನಿಗೆ ನಮಸ್ಕಾರ. ಉಭಯ ಕುಶಲ.

ಮೊದಲು ನಿನ್ನ ಹೆದರಿಕೆಗೆ ಮದ್ದು. ಅತ್ತೆ ಎರಡು ದಿನ ನನ್ನ ಕೈಯ ಅನ್ನ ಮುಟ್ಟಲಿಲ್ಲ. ಉಪವಾಸವೇ ವಾಸಿ ಅಂದಿದ್ದರಲ್ಲ, ಮಾಡಿ ನೋಡಿದರು. ಮೂರನೆಯ ದಿನ ಕೋಣೆಯೊಳಗಿಂದಲೇ "ಮುದ್ದೆ ಆಯ್ತಾ?" ಎಂದು ಕೇಳಿದರು. ಬಡಿಸಿದೆ, ಉಂಡರು. "ಉಪ್ಪು ಕಮ್ಮಿ" ಅಂದರು. ರಾಯಚರ್ಲಿನಿಂದ ಅವರ ಅಣ್ಣ ಬಂದಿದ್ದರು. ನಾನೇ ಕಾಲಿಗೆ ನೀರು ಕೊಟ್ಟೆ, ನೇರವಾಗಿ ಅವರ ಮುಖ ನೋಡಿ ಕ್ಷೇಮ ಕೇಳಿದೆ. ಗಂಡನೂ ಅಲ್ಲೇ ಕೂತಿದ್ದರು. "ನನ್ ಹೆಂಡ್ತಿಗೆ ವಾಸಿಯಾಗೈತೆ ಮಾವ" ಅಂದರು, ಯಾರೂ ಕೇಳದಿದ್ದರೂ ಅಂದರು. ಸುಳ್ಳು ಬರೆದ ಬಾಯಿಂದ ನಿಜ ಹೊರಡಲು ಇಷ್ಟು ದಿನ ಬೇಕಾಯಿತು. ಬಂದವರು ಎಲೆಅಡಿಕೆ ಹಾಕಿಕೊಂಡು, ಮಳೆ ಬೆಳೆ ಮಾತಾಡಿ ಹೊರಟುಹೋದರು.

ನನ್ನ ನೀರು ಲೆಕ್ಕಕ್ಕಿದೆಯೋ ಇಲ್ಲವೋ ಎಂದು ಕೇಳಿದ್ದೀಯ. ಮೊನ್ನೆ ಸಂಜೆ ಮೇಲುಬೀದಿಯಿಂದ ಒಬ್ಬ ಮುದುಕಪ್ಪ ಬಂದ. ಅವನ ಸೊಸೆಗೆ ಅಮ್ಮ ಬಂದು ಹೋಗಿದ್ದಾಳೆ. ಮನೆಯಲ್ಲಿ ಹಿರಿಹೆಂಗಸು ಇಲ್ಲ. ಇರುವ ವಾರಗಿತ್ತಿಗೆ ಅವಳನ್ನು ಒಳಗೆ ಸೇರಿಸುವ ಮನಸ್ಸಿಲ್ಲ. "ತಾಯಿ, ನೀವು ಬಂದು ನೀರು ಹಾಕ್ತೀರಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಅತ್ತೆ ಅಲ್ಲೇ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಅವರ ಮುಖ ನೋಡಿದೆ. ಬೇಡ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಸುಲಿಯುವ ಕೈ ಮಾತ್ರ ನಿಂತಿತು.

ಹೋದೆ. ಆ ಹುಡುಗಿ ನಿನ್ನೆ ಮೊನ್ನೆ ಮದುವೆಯಾದವಳು, ಮುಖ ಮುಚ್ಚಿಕೊಂಡು ಕಲ್ಲಿನ ಮೇಲೆ ಮುದುರಿ ಕೂತಿದ್ದಳು. "ಸೆರಗು ತೆಗಿ, ನನ್ ಮೊಕ ನೋಡು. ಇದಕ್ಕಿಂತ ನಿಂದು ವಾಸಿ" ಅಂದೆ. ನಕ್ಕುಬಿಟ್ಟಳು. ಒಂದು ತಂಬಿಗೆ ನೀರು ನಾನು ಹಾಕಿ ಆ ಮಾತು ಅಂದೆ. ಮಿಕ್ಕ ಎರಡನ್ನು ತಂಬಿಗೆಯ ಸಮೇತ ಅವಳ ಕೈಗೇ ಕೊಟ್ಟೆ. "ನೀನೇ ಹುಯ್ಕೋ, ನೀನೇ ಅನ್ನು" ಅಂದೆ. ಮೊದಲ ಸಲ ಪಿಸುಗುಟ್ಟಿದಳು, ಎರಡನೆಯ ಸಲ ಬೀದಿಗೆಲ್ಲ ಕೇಳುವ ಹಾಗೆ ಅಂದಳು.

ಮನೆಗೆ ಬಂದರೆ ಅತ್ತೆ, "ಹಾಕ್ಬುಟ್ಟು ಬಂದ್ಯಾ?" ಅಂದರು. "ಹೂಂ" ಅಂದೆ. ಬಚ್ಚಲ ಹಂಡೆಯಲ್ಲಿ ನನಗೆ ಬಿಸಿನೀರು ಕಾದಿತ್ತು. ಅದರಲ್ಲೇ ಮಿಂದೆ. ವಾಸಿ ಎಂಬ ಮಾತು ನನ್ನ ವಿಷಯದಲ್ಲಿ ಅವರ ಬಾಯಿಂದ ಇನ್ನೂ ಬಂದಿಲ್ಲ. ಬರದಿದ್ದರೂ ನಡೆಯುತ್ತದೆ.

ನಿನ್ನ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ಪುಸ್ತಕದಲ್ಲಿ ಅವರು ಆ ಮಾತನ್ನು ಎರಡು ಮಾಡಿ ಬೇರೆ ಬೇರೆ ಕಡೆ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಆಧಾರ ಬೇಕು ಅಂದರೆ ನಿಡುಗಲ್ಲಿಗೆ ಬರಲಿ, ಇಬ್ಬರನ್ನು ತೋರಿಸುತ್ತೇನೆ, ನಾನೊಬ್ಬಳು, ಆ ಹುಡುಗಿ ಒಬ್ಬಳು. ಜಗದಾಂಬೆ ತಲೆ ಬಾಚಿಸಿಕೊಳ್ಳಲು ಹಣಿಗೆ ಹಿಡಿದು ಆಗಿನಿಂದ ನಿಂತಿದ್ದಾಳೆ, ಅವಳನ್ನು ಇನ್ನು ಕಾಯಿಸಲಾರೆ. ಈ ಸಾಲೂ ಇಳಿದಿರುತ್ತದೆ. ತಿದ್ದಬೇಡ, ಹಾಗೆಯೇ ಓದಿಕೋ.

ದಾಕ್ಷಾಯಣಿ